ಕಿಟಕಿಯಿಂದ ಬೀದಿಗಿಳಿದ ವೈರು

ಹೋದ ತಿಂಗಳು ತೆರಕಣಾಂಬಿಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಒಂದು ಹಳದಿ ವೈರು. ನಮ್ಮನೆ ಕಿಟಕಿಯಿಂದ ಇಳಿದು, ಜಗಲಿ ದಾಟಿ, ಚರಂಡಿ ಮೇಲೆ ಜೋತಾಡುತ್ತಾ ಬೀದಿಗೆ ಹೋಗಿತ್ತು. ಅದರ ತುದಿಯಲ್ಲಿ ಅಪ್ಪನ ಎಲೆಕ್ಟ್ರಿಕ್ ಸ್ಕೂಟರು. ಗಾಡಿ ಕೊಡಿಸಿದ್ದು ನಾನೇ. ಬೆಂಗಳೂರಲ್ಲಿ ಕೂತು ಪೆಟ್ರೋಲ್ ಎಷ್ಟು ಉಳಿಯುತ್ತೆ ಅಂತ ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕಿದ ಇಂಜಿನಿಯರ್ ಮಗನಿಗೆ, ಅದನ್ನ ಎಲ್ಲಿ ನಿಲ್ಲಿಸಿ ಚಾರ್ಜ್ ಮಾಡ್ತಾರೆ ಅನ್ನೋದು ಮಾತ್ರ ಹೊಳೆದಿರಲಿಲ್ಲ ನೋಡಿ!

ನಮ್ಮೂರಿನ ಹಳೇ ಬೀದಿ ನೋಡಿದವರಿಗೆ ಗೊತ್ತು. ಗೋಡೆಗೆ ಗೋಡೆ ಅಂಟಿದ ಮನೆ, ಮುಂದೆ ಜಗಲಿ, ಆಮೇಲೆ ಚರಂಡಿ, ಆಮೇಲೆ ರಸ್ತೆ. ಕಾಂಪೌಂಡು, ಗೇಟು ಏನೂ ಇಲ್ಲ. ನೂರು ಕೆಜಿ ಮೀರಿದ ಗಾಡಿಯನ್ನ ಅರವತ್ತು ದಾಟಿದ ಅಪ್ಪ ಮೂರು ಮೆಟ್ಟಿಲು ಹತ್ತಿಸಿ ಒಳಗೆ ತರೋದು ಆಗದ ಮಾತು. ಬ್ಯಾಟರಿ ಕಳಚಿ ಒಯ್ಯುವ ಗಾಡಿಗಳೂ ಇವೆ, ಆದರೆ ಅದೂ ಹತ್ತು ಕೆಜಿ ಮೇಲೆ ತೂಗುತ್ತೆ. ವೈರಿಗೆ ಎರಡು ಕಡೆ ಟೇಪು ಸುತ್ತಿತ್ತು. ಯಾಕೆ ಅಂತ ಕೇಳಿದ್ರೆ, "ಕರ ಕಚ್ಬುಡ್ತು ಕಣ್ಲಾ, ಸ್ವಿಚ್ಚು ಹಾಕಿರ್ನಿಲ್ಲ ಬುಡು" ಅಂದ್ರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸ್ವಿಚ್ಚು ಹಾಕಿದ್ದಿದ್ರೆ? ಮಳೆ ಬಂದು ಚರಂಡಿ ತುಂಬಿದ್ದಿದ್ರೆ? ಆ ಚರಂಡಿ ಪಕ್ಕದಲ್ಲೇ ಬೀದಿ ಮಕ್ಕಳು ಗೋಲಿ ಆಡೋದು...

ಸರ್ಕಾರದ ಲೆಕ್ಕದಲ್ಲಿ ಈ ಬೀದಿ ಇದ್ದಂತಿಲ್ಲ. ಎಲೆಕ್ಟ್ರಿಕ್ ವಾಹನ ನೀತಿಯನ್ನ 2017ರಲ್ಲಿ ದೇಶದಲ್ಲೇ ಮೊದಲು ತಂದಿದ್ದು ನಮ್ಮ ಕರ್ನಾಟಕ. ಮಾರನೇ ವರ್ಷ ಕೇಂದ್ರ ಇಂಧನ ಸಚಿವಾಲಯ, ಚಾರ್ಜ್ ಮಾಡಿಕೊಡೋದು ಸೇವೆ, ವಿದ್ಯುತ್ ಮಾರಾಟ ಅಲ್ಲ, ಅದಕ್ಕೆ ಲೈಸೆನ್ಸ್ ಬೇಡ ಅಂತ ಸ್ಪಷ್ಟ ಮಾಡ್ತು. 2019ರಲ್ಲಿ ಮಾದರಿ ಕಟ್ಟಡ ಬೈಲಾ ತಿದ್ದಿ, ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ ಶೇ 20 ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಅಂದ್ರು. ಎಲ್ಲಾ ಸರಿ. ಪಾರ್ಕಿಂಗೇ ಇಲ್ಲದವನ ಶೇ 20 ಎಷ್ಟು ಸ್ವಾಮಿ?

ಹೆದ್ದಾರಿ ಬದಿಯ ಹೋಟೆಲ್ಲುಗಳ ಫಾಸ್ಟ್ ಚಾರ್ಜರ್ ತೋರಿಸಬೇಡಿ. ಅದು ಗುಂಡ್ಲುಪೇಟೆ ದಾಟಿ ಊಟಿಗೋ ವಯನಾಡಿಗೋ ಹೋಗುವ ಕಾರುಗಳಿಗೆ (ರಾತ್ರಿ ಒಂಬತ್ತರೊಳಗೆ ಬಂಡೀಪುರ ಗೇಟು ದಾಟೋ ಅವಸರ ಬೇರೆ, 2009ರಿಂದ). ಆ ಕಾರಿನ ಗನ್ನು ಅಪ್ಪನ ಸ್ಕೂಟರಿಗೆ ಹೊಂದೋದೇ ಇಲ್ಲ. ಗುಂಡ್ಲುಪೇಟೆ ನಮಗೇನೂ ದೂರ ಅಲ್ಲ, ಆದರೆ ಚಾರ್ಜ್ ಮಾಡೋಕೆ ಅಂತಲೇ ಅಲ್ಲಿಗೆ ಹೋಗಿ ಬರೋದು, ಹಾಲು ತರೋಕೆ ಪಕ್ಕದೂರಿಗೆ ಹೋದ ಹಾಗೆ.

ನಮ್ಮನೆಯಿಂದ ಹತ್ತು ಹೆಜ್ಜೆಗೆ ಲೈಟ್ ಕಂಬ ಇದೆ. ಲಂಡನ್ನಿನಲ್ಲಿ ಮನೆ ಮುಂದೆ ಜಾಗ ಇಲ್ಲದವರಿಗೆ ಮಾಡಿಕೊಟ್ಟಿದ್ದು ಇದನ್ನೇ. 2020ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಸದರ್‌ಲ್ಯಾಂಡ್ ಅವೆನ್ಯೂ ಅನ್ನೋ ಒಂದೇ ರಸ್ತೆಯ 24 ದೀಪದ ಕಂಬಗಳನ್ನ ಚಾರ್ಜರ್ ಮಾಡಿದರು. ಇಲ್ಲಿ ಅದನ್ನ ಹಾಗೇ ನಕಲು ಮಾಡೋಕಾಗಲ್ಲ. ನಮ್ಮ ಬೀದಿ ದೀಪದ ತಂತಿಗೆ ಕರೆಂಟು ಬರೋದು ಸಂಜೆ ಸ್ವಿಚ್ಚು ಹಾಕಿದ ಮೇಲೆ, ಬಿಲ್ಲು ಪಂಚಾಯ್ತಿದು. ಆದರೆ ಅದೇ ಕಂಬದಲ್ಲಿ ಮನೆಗಳಿಗೆ ಹೋಗೋ ಲೈನೂ ಇದೆಯಲ್ಲ? ಅದರಿಂದ ಒಂದು ಕನೆಕ್ಷನ್, ಮಳೆ ನುಗ್ಗದ ಡಬ್ಬಿ, ಒಳಗೆ ಮೀಟರು, ಶಾಕ್ ಹೊಡೆಯೋ ಮುಂಚೆ ಕಟ್ ಆಗೋ ಬ್ರೇಕರು, ನಾಲ್ಕು ಸಾಕೆಟ್ಟು. ಇಷ್ಟೇ. ದುಡ್ಡು ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಟ್ಟೋದು. ಸೌತೆಕಾಯಿಗೇ ಸ್ಕ್ಯಾನ್ ಮಾಡ್ತಾರಂತೆ, ಇದೇನು ಮಹಾ.

ಲೋಡು ತಡೆಯಲ್ಲ ಅಂತ ಗೆಳೆಯನೊಬ್ಬ ವಾದ ಮಾಡಿದ. ಸ್ಕೂಟರಿನ ಮನೆ ಚಾರ್ಜರು ಸುಮಾರು 700 ವ್ಯಾಟು. ಹತ್ತು ಗಾಡಿ ಒಟ್ಟಿಗೇ ಹಾಕಿದರೂ ಏಳು ಕಿಲೋವ್ಯಾಟು, ಅಂದರೆ ಐದು ಎಚ್‌ಪಿಯ ಎರಡು ಪಂಪ್‌ಸೆಟ್ಟಿಗಿಂತ ಕಮ್ಮಿ. ಅದೂ ರಾತ್ರಿ, ಊರೆಲ್ಲ ಮಲಗಿದ ಮೇಲೆ. ಮೂರೂವರೆ ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಒಂದು ಸಲದ ಚಾರ್ಜಿಗೆ 21 ರೂಪಾಯಿ. ಅಪ್ಪ ಅದನ್ನ ಕೊಡೋಕೆ ತಯಾರು. ಈಗ ಅದೇ ಕರೆಂಟು ಮನೆ ಮೀಟರಲ್ಲಿ ಓಡಿ ಗೃಹಜ್ಯೋತಿ ಲೆಕ್ಕ ಮೀರ್ತದೆ ಅಂತ ಅವರಿಗೆ ತಿಂಗಳ ಕೊನೆಯಲ್ಲಿ ಚಿಂತೆ.

ಕಳ್ಳತನ, ಮುರಿದು ಹಾಕೋದು, ನನ್ನ ಬಾಗಿಲ ಮುಂದೆ ಯಾಕೆ ನಿಲ್ಲಿಸಿದೆ ಅನ್ನೋ ಜಗಳ... ಇದೆಲ್ಲ ಬರುತ್ತೆ, ಇಲ್ಲ ಅನ್ನಲ್ಲ. ಬೀದಿ ನಲ್ಲಿ ಬಂದಾಗಲೂ ಜಗಳ ಬಂದಿತ್ತು, ಹಾಗಂತ ಯಾರೂ ನಲ್ಲಿ ಕಿತ್ತು ಹಾಕಲಿಲ್ಲ. ಇದನ್ನ ಪೂರ್ತಿ ಖಾಸಗಿಯವರಿಗೆ ಬಿಡೋದು ನನಗೆ ಒಪ್ಪಿಗೆ ಇಲ್ಲ. ದಿನಕ್ಕೆ ನಾಲ್ಕು ಸ್ಕೂಟರ್ ಬರೋ ಬೀದಿಗೆ ಯಾವ ಕಂಪನಿ ಬಂಡವಾಳ ಹಾಕುತ್ತೆ? ಕಂಬ ಇರೋದು ಚೆಸ್ಕಾಂದು, ರಸ್ತೆ ಪಂಚಾಯ್ತಿದು. ಇಬ್ಬರೂ ಕೂತು ಮಾತಾಡಬೇಕಾದ ಕೆಲಸ ಇದು.

ಸದ್ಯಕ್ಕೆ ಹಳದಿ ವೈರು ಎಸೆದು, ಹೊರಗೋಡೆಗೆ ಒಳ್ಳೇ ಬ್ರೇಕರ್ ಇರೋ ಡಬ್ಬಿ ಹಾಕಿಸಿ ಬಂದಿದ್ದೀನಿ. ಚರಂಡಿ ಮಾತ್ರ ಈಗಲೂ ದಾಟಬೇಕು. ಪಂಚಾಯ್ತಿಗೆ ಒಂದು ಅರ್ಜಿ ಬರೆದು ಅಪ್ಪನ ಕೈಗೆ ಕೊಟ್ಟಿದ್ದೀನಿ, ಮುಂದಿನ ಗ್ರಾಮಸಭೆಯಲ್ಲಿ ಕೊಡ್ತಾರಂತೆ. ನಿಮ್ಮೂರಲ್ಲಿ ಯಾರಾದ್ರೂ ಕಂಬಕ್ಕೆ ಸಾಕೆಟ್ ಹಾಕಿಸಿದ್ದರೆ ಹೇಗೆ ಮಾಡಿಸಿದ್ರಿ, ಯಾರನ್ನ ಹಿಡಿದ್ರಿ ಅಂತ ದಯವಿಟ್ಟು ತಿಳಿಸಿ. ಅರ್ಜಿ ಜೊತೆ ಲಗತ್ತಿಸೋಕೆ ಬೇಕು :)