ಪಟ್ಟಿಗೆ ಸಲ್ಲದ ಮರಣಗಳು

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನ ವಿದ್ಯುತ್ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಹಗಲಿರುಳೂ ಸಾಲುಗಟ್ಟಿ ನಿಂತುದನ್ನೂ, ಚಿತಾಗಾರಗಳು ಸಾಲದೆ ಹೊರವಲಯದ ಗಿಡ್ಡೇನಹಳ್ಳಿ, ತಾವರೆಕೆರೆಗಳ ಬಯಲಿನಲ್ಲಿ ಚಿತೆಗಳನ್ನೊಡ್ಡಬೇಕಾಗಿ ಬಂದುದನ್ನೂ ಕಂಡವರಾರೂ ಮರೆತಿರಲಾರರು. ಆಗ ಗತಿಸಿದವರೆಲ್ಲರೂ ಕೋವಿಡ್ ಪಟ್ಟಿಗೆ ಸೇರಲಿಲ್ಲ; ಪರೀಕ್ಷೆಯೇ ಆಗದೆ ಮನೆಯಲ್ಲಿ ಕೊನೆಯುಸಿರೆಳೆದವರು, ಆಸ್ಪತ್ರೆಯಲ್ಲಿ ಹಾಸಿಗೆ ದೊರೆಯದೆ ಹೃದಯಾಘಾತದಿಂದಲೋ ಡಯಾಲಿಸಿಸ್ ತಪ್ಪಿದುದರಿಂದಲೋ ಅಳಿದವರು, ಇವರೆಲ್ಲ ಅದರ ಹೊರಗೇ ಉಳಿದರು. ಇವರನ್ನು ಕಾಣುವ ಮಾರ್ಗ ಸರಳವಾದುದು: ಹಿಂದಿನ ವರ್ಷಗಳನ್ನು ನೋಡಿ ನಿರೀಕ್ಷಿಸಬಹುದಾದ ಮರಣಗಳನ್ನು ಆ ವರ್ಷದ ಒಟ್ಟು ಮರಣಗಳಿಂದ ಕಳೆದರೆ ಉಳಿಯುವುದೇ ಅಧಿಕ ಮರಣ. 1662ರಷ್ಟು ಹಿಂದೆಯೇ ಜಾನ್ ಗ್ರಾಂಟ್ ಎಂಬಾತನು ಲಂಡನ್ನಿನ ಮರಣಪಟ್ಟಿಗಳನ್ನು ಪರಿಶೀಲಿಸಿ, ಪ್ಲೇಗಿನ ವರ್ಷಗಳಲ್ಲಿ ಅನ್ಯರೋಗಗಳ ಹೆಸರಿನ ಸಾವುಗಳೂ ಹೆಚ್ಚಿದ್ದುದನ್ನು ಕಂಡು, ಅವುಗಳಲ್ಲಿ ಎಷ್ಟೋ ಪ್ಲೇಗಿನವೇ ಎಂದು ನಿರ್ಣಯಿಸಿದುದು ಇದೇ ತರ್ಕದಿಂದ.

2020 ಮತ್ತು 2021ರಲ್ಲಿ ಭಾರತದ ಅಧಿಕ ಮರಣಗಳು 47 ಲಕ್ಷದಷ್ಟೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಆ ಅವಧಿಯ ಅಧಿಕೃತ ಕೋವಿಡ್ ಸಾವುಗಳು ಸುಮಾರು 4.8 ಲಕ್ಷ. ಕೇಂದ್ರ ಸರ್ಕಾರ ಆ ವಿಧಾನವನ್ನೇ ಆಕ್ಷೇಪಿಸಿತು. ವಿಧಾನದ ದೋಷಗಳು ಚರ್ಚಾರ್ಹವೇ ಸರಿ. ಆದರೆ ಅಂದಾಜಿಗೆ ತಕ್ಕ ಉತ್ತರ ಎಣಿಕೆಯೇ ಹೊರತು ನಿರಾಕರಣೆಯಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಪ್ರತಿಯೊಂದು ಸಾವೂ ದಾಖಲಾಗತಕ್ಕದ್ದು; ಆ ದಾಖಲೆಗಳನ್ನು ವಾರ್ಡುವಾರು, ವಾರವಾರವೂ ಪ್ರಕಟಿಸುವುದು ನಗರಾಡಳಿತದ ಕರ್ತವ್ಯವಾಗಬೇಕು. ಪರೀಕ್ಷಾಪತ್ರವಿಲ್ಲವೆಂಬ ಒಂದೇ ಕಾರಣದಿಂದ ಪರಿಹಾರಧನವೂ ದೊರೆಯದೆ ಹೋದ ಮಕ್ಕಳಿಗೆ, ತಮ್ಮ ತಂದೆಯ ಸಾವು ಆ ಮಹಾಮಾರಿಯ ಲೆಕ್ಕಕ್ಕೆ ಸೇರಿದುದೆಂಬ ಮಾತನ್ನಾದರೂ ನಾವು ಸಲ್ಲಿಸಬೇಕಾಗಿದೆ.