ಚೆಂಡು ಒದ್ದವರಾರು, ಚರಿತ್ರೆ ಬರೆದವರಾರು?

ಮೊನ್ನೆ ತರಗತಿಯಲ್ಲಿ ಹುಡುಗನೊಬ್ಬ ಫುಟ್‌ಬಾಲ್ ಹುಟ್ಟಿದ್ದೆಲ್ಲಿ ಎಂದು ಕೇಳಿದ. ಬಾಯಿಪಾಠದ ಉತ್ತರ ಸಿದ್ಧವಾಗಿಯೇ ಇತ್ತು: 1863ರಲ್ಲಿ, ಲಂಡನ್ನಿನಲ್ಲಿ. ಇಂಗ್ಲೆಂಡಿನ ಫುಟ್‌ಬಾಲ್ ಕುರಿತ ಪುಸ್ತಕಗಳು ಬಹುಕಾಲ ಹೇಳುತ್ತ ಬಂದುದೂ ಅದನ್ನೇ. ಈಟನ್, ಹ್ಯಾರೋ ಮುಂತಾದ ಸಿರಿವಂತರ ಶಾಲೆಗಳಲ್ಲಿ ಆಟ ರೂಪುಗೊಂಡಿತು, ಅಂಥಲ್ಲಿ ಕಲಿತವರು ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಶನ್ ಕಟ್ಟಿದರು, ಅಲ್ಲಿಂದ ಆಟ ಉತ್ತರದ ಗಿರಣಿ ಊರುಗಳಿಗೆ ಹೋಯಿತು ಎಂಬುದು ಆ ಕಥೆಯ ಸಾರಾಂಶ.

ಇದು ಅರ್ಧ ಸತ್ಯ ಮಾತ್ರ. ಲಂಡನ್ನಿನ ಸಂಸ್ಥೆಗಿಂತ ಆರು ವರ್ಷ ಮೊದಲೇ, 1857ರಲ್ಲಿ, ಉಕ್ಕಿನ ಕಸುಬಿನ ಶೆಫೀಲ್ಡಿನಲ್ಲಿ ಕ್ಲಬ್ಬೊಂದು ಹುಟ್ಟಿ, ಮರುವರ್ಷ ತನ್ನದೇ ನಿಯಮಗಳನ್ನು ಬರೆದುಕೊಂಡಿತ್ತು. ನಮ್ಮ ಹುಡುಗರು ಗದ್ದೆಯಲ್ಲಿ ಹೊಡೆಯುವ ಕಾರ್ನರ್ ಕಿಕ್ ಕೂಡ ಶೆಫೀಲ್ಡಿನ ನಿಯಮಗಳಿಂದ ಬಂದುದು. ಲಂಡನ್ ಅದನ್ನು ಅಂಗೀಕರಿಸಿದ್ದು 1872ರಲ್ಲಿ. 1883ರಲ್ಲಿ ಕಾರ್ಮಿಕರೇ ಹೆಚ್ಚಾಗಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡವು ಈಟನ್ನಿನ ಹಳೆ ವಿದ್ಯಾರ್ಥಿಗಳ ತಂಡವನ್ನು ಸೋಲಿಸಿ ಎಫ್.ಎ. ಕಪ್ ಗೆದ್ದಿತು. 1888ರಲ್ಲಿ ಆರಂಭವಾದ ಫುಟ್‌ಬಾಲ್ ಲೀಗಿನ ಹನ್ನೆರಡು ತಂಡಗಳಲ್ಲಿ ಲಂಡನ್ನಿನದು ಒಂದೂ ಇರಲಿಲ್ಲ. ಎಲ್ಲವೂ ಉತ್ತರ ಮತ್ತು ಮಧ್ಯ ಇಂಗ್ಲೆಂಡಿನವು.

ಹಾಗಿದ್ದೂ ಕಥೆ ಏಕಪಕ್ಷೀಯವಾದುದೇಕೆ? ದೊಡ್ಡ ಶಾಲೆಗಳಲ್ಲಿ ದಾಖಲೆಗಳಿದ್ದವು, ಅಲ್ಲಿ ಕಲಿತವರಿಗೆ ಬರೆಯುವ ಬಿಡುವಿತ್ತು, ಅಚ್ಚು ಹಾಕಿಸುವ ಅನುಕೂಲವಿತ್ತು. ಊರೂರಿನ ಆಟಗಾರರ ಸಂಗತಿ ಹಳೆಯ ಪತ್ರಿಕೆಗಳ ಮೂಲೆಯಲ್ಲಿ ಉಳಿಯಿತು. ಅಂಥ ಪತ್ರಿಕೆಗಳನ್ನು ತಿರುವಿಹಾಕಿದ ಏಡ್ರಿಯನ್ ಹಾರ್ವೆ ಎಂಬ ವಿದ್ವಾಂಸರು 2005ರ ತಮ್ಮ ಗ್ರಂಥದಲ್ಲಿ, ಶ್ರೀಮಂತ ಶಾಲೆಗಳ ಹೊರಗೂ ಈ ಆಟ ಜೀವಂತವಾಗಿತ್ತೆಂದು ವಾದಿಸಿದರು. ಎರಿಕ್ ಡನ್ನಿಂಗ್ ಮೊದಲಾದವರು ಇದನ್ನು ಒಪ್ಪಲಿಲ್ಲ. ಚರ್ಚೆ ನಡೆಯಲಿ, ಅದರಿಂದ ಚರಿತ್ರೆಗೆ ಲಾಭವೇ.

ಆದರೆ ಉತ್ತರದ ಅಭಿಮಾನವೂ ಕಣ್ಣು ಕಟ್ಟಬಾರದು. ಶೆಫೀಲ್ಡ್ ಕ್ಲಬ್ಬನ್ನು ಕಟ್ಟಿದವರು ಕೂಲಿಕಾರರಲ್ಲ, ಅನುಕೂಲಸ್ಥರೇ. 1863ರ ಲಂಡನ್ ಸಭೆಯ ಮಹತ್ವವನ್ನು ಅಲ್ಲಗಳೆಯುವುದೂ ತಪ್ಪು. ಒಂದು ಪಕ್ಷಪಾತಕ್ಕೆ ಇನ್ನೊಂದು ಪಕ್ಷಪಾತ ಮದ್ದಲ್ಲ.

ಹುಡುಗನಿಗಾಗಿ ಕರಿಹಲಗೆಯ ಮೇಲೆ 1863 ಎಂದು ಬರೆದು, ಅದರ ಮೇಲೆ 1857 ಎಂದೂ ಬರೆದೆ. ಪುಸ್ತಕ ಹಿಡಿದಾಗ ಬರೆದವರು ಎಲ್ಲಿ ನಿಂತು ನೋಡಿದ್ದಾರೆಂದು ಕೇಳಲು ಮಕ್ಕಳಿಗೆ ಕಲಿಸಬೇಕು. ಊರಿನ ಸಂಗತಿಯನ್ನು ಊರಿನವರೇ ಬರೆದಿಡಬೇಕು. ಇಲ್ಲವಾದರೆ ಆಡಿದವರು ಒಬ್ಬರು, ಹೆಸರು ಪಡೆದವರು ಇನ್ನೊಬ್ಬರು ಎಂದಾದೀತು.