ಹಗುರ ಲ್ಯಾಪ್‌ಟಾಪು ಯಾರಿಗೆ ಹಗುರ?

ಹೋದ ತಿಂಗಳ ನಮ್ಮ ಭಿತ್ತಿಪತ್ರಿಕೆಯಲ್ಲಿ "ನಾನು ದುಡಿದು ಮೊದಲು ಕೊಳ್ಳುವ ವಸ್ತು" ಎಂಬ ಅಂಕಣವಿತ್ತು. ಒಂಬತ್ತನೇ ತರಗತಿಯ ಆರು ಜನ ಲ್ಯಾಪ್‌ಟಾಪ್ ಎಂದು ಬರೆದಿದ್ದರು. ಅವರಲ್ಲಿ ನಾಲ್ವರು "ತೆಳ್ಳಗಿರೋದು, ಹಗುರವಾದದ್ದು" ಎಂದೂ ಸೇರಿಸಿದ್ದರು. ಹಗುರವಾದದ್ದೇ ಯಾಕೆ ಎಂದು ಒಬ್ಬರೂ ಬರೆದಿರಲಿಲ್ಲ. ನಮ್ಮ ಮನೆಯಲ್ಲೂ ಈಗ ಇದೇ ಚರ್ಚೆ ನಡೆದಿರುವುದರಿಂದ ನನ್ನ ಅನಿಸಿಕೆಯನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಬಹುದು.

ವಿಷಯ ಇಷ್ಟು. ಅಕ್ಕ ಈ ವರ್ಷ ತುಮಕೂರಿನಲ್ಲಿ ಬಿ.ಸಿ.ಎ. ಸೇರಿದ್ದಾಳೆ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅಪ್ಪ ಒಂದು ಲ್ಯಾಪ್‌ಟಾಪ್ ಕೊಡಿಸುತ್ತಾರೆ. ಒಂದೇ ಒಂದು. ಅಕ್ಕನ ಓದು ಮುಗಿದ ಮೇಲೆ ಅದು ನನಗೆ, ನನ್ನ ನಂತರ ತಮ್ಮನಿಗೆ. ತಮ್ಮ ಈಗ ಐದನೇ ತರಗತಿ. ಅಂದರೆ ಆ ಯಂತ್ರ ಏಳೆಂಟು ವರ್ಷ ಬಾಳಬೇಕು.

ಮೊದಲು ಹಗುರದ ಪರವಾಗಿ ಹೇಳುತ್ತೇನೆ, ಇಲ್ಲದಿದ್ದರೆ ಅಕ್ಕ ಬಂದು ಈ ಹಾಳೆಯನ್ನೇ ಕಿತ್ತು ಹಾಕುತ್ತಾಳೆ. 1981ರಲ್ಲಿ ಆಸ್ಬರ್ನ್ 1 ಎಂಬ "ಹೊತ್ತೊಯ್ಯುವ" ಕಂಪ್ಯೂಟರ್ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದರ ತೂಕ ಸುಮಾರು 11 ಕೆ.ಜಿ.! ನೋಡಲು ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ, ಪರದೆ ಮಾತ್ರ 5 ಇಂಚು. ಅಲ್ಲಿಂದ 2008ರ ಜನವರಿಗೆ ಬಂದರೆ, ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರು ವೇದಿಕೆಯ ಮೇಲೆ ಒಂದು ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ತೆಗೆದು ತೋರಿಸಿದರು. ತೂಕ 1.36 ಕೆ.ಜಿ. ಈಗ ಒಂದು ಕೆ.ಜಿ.ಗಿಂತ ಕಡಿಮೆ ತೂಗುವವೂ ಇವೆ. ಇದು ವಿಜ್ಞಾನದ ದೊಡ್ಡ ಸಾಧನೆ ಎನ್ನುವುದರಲ್ಲಿ ಎರಡು ಮಾತಿಲ್ಲ.

ಅಕ್ಕನ ವಾದವೂ ಸುಳ್ಳಲ್ಲ. ಹಾಸ್ಟೆಲಿನಿಂದ ಕಾಲೇಜಿಗೆ ನಡೆದೇ ಹೋಗಬೇಕು. ರೆಕಾರ್ಡು, ಪುಸ್ತಕ, ನೀರಿನ ಬಾಟಲಿ, ಊಟದ ಡಬ್ಬಿ, ಇದರ ಮೇಲೆ ಲ್ಯಾಪ್‌ಟಾಪು. "ನಿನಗೇನ್ ಗೊತ್ತು, ಹೊರೋಳು ನಾನು" ಅನ್ನುತ್ತಾಳೆ. 2019ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಒಂಬತ್ತು, ಹತ್ತನೇ ತರಗತಿಯವರ ಚೀಲ 4ರಿಂದ 5 ಕೆ.ಜಿ. ಮೀರಬಾರದು ಎಂದು ಆದೇಶ ಮಾಡಿತು. ಆ ಲೆಕ್ಕದಲ್ಲಿ ಒಂದು ಕೆ.ಜಿ. ಉಳಿದರೆ ಅದು ಸಣ್ಣದಲ್ಲ. ಇನ್ನೊಂದು ಲಾಭ ಕರೆಂಟಿನದು. ಹಗುರ ಯಂತ್ರಗಳಿಗೆ ಸಾಮಾನ್ಯವಾಗಿ ಕಡಿಮೆ ವಿದ್ಯುತ್ ನುಂಗುವ ಪ್ರೊಸೆಸರ್ ಹಾಕಿರುತ್ತಾರೆ. ಒಮ್ಮೆ ಚಾರ್ಜು ಮಾಡಿದರೆ ಬಹಳ ಹೊತ್ತು ನಡೆಯುತ್ತದೆ. ನಮ್ಮೂರಲ್ಲಿ ಕರೆಂಟು ಹೇಗೆ ಬಂದು ಹೋಗುತ್ತದೆಂದು ನಾನು ಹೇಳಬೇಕಾಗಿಲ್ಲ.

ಆದರೆ ತೂಕ ಎಲ್ಲಿಂದ ಹೋಯಿತು ಎಂದು ಕೇಳಬೇಕಲ್ಲವೇ? ಸ್ವಲ್ಪ ಹೋದದ್ದು ಒಳ್ಳೆಯ ರೀತಿಯಲ್ಲೇ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಸುಮಾರು 100 ಗ್ರಾಂ ಇತ್ತು, ಈಗಿನ ಕಡ್ಡಿಯಂಥ ಎಸ್.ಎಸ್.ಡಿ. ಹತ್ತು ಗ್ರಾಂ ಆಸುಪಾಸು. ಮೈಗೆ ಅಲ್ಯೂಮಿನಿಯಂ, ಕೆಲವಕ್ಕೆ ಮೆಗ್ನೀಸಿಯಂ ಮಿಶ್ರಲೋಹ. ಸಾಂದ್ರತೆಯ ಪಾಠದಲ್ಲಿ ಓದಿದ ಹಾಗೆ ಅಲ್ಯೂಮಿನಿಯಂ 2.7, ಮೆಗ್ನೀಸಿಯಂ 1.74. ಇದರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಉಳಿದದ್ದರ ಬಗ್ಗೆ. ಜಾಗ ಉಳಿಸಲು ಸಿ.ಡಿ. ಹಾಕುವ ಜಾಗ ತೆಗೆದರು, ಆಮೇಲೆ ತೂತುಗಳನ್ನು ಕಡಿಮೆ ಮಾಡಿದರು. 2008ರ ಆ ಏರ್‌ನಲ್ಲಿ ಯು.ಎಸ್.ಬಿ. ತೂತು ಇದ್ದದ್ದು ಒಂದೇ. ಈಗಲೂ ಎಷ್ಟೋ ತೆಳ್ಳಗಿನ ಯಂತ್ರಗಳಿಗೆ ಪೆನ್‌ಡ್ರೈವ್ ಚುಚ್ಚಲು ಬೇರೆ ಹಬ್ ಕೊಳ್ಳಬೇಕು. ನಮ್ಮ ಶಾಲೆಯ ಪ್ರೊಜೆಕ್ಟರಿಗಂತೂ ಹಳೇ ವಿ.ಜಿ.ಎ. ವೈರೇ ಆಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬೆಸುಗೆ. ದಪ್ಪನೆಯ ಯಂತ್ರಗಳಲ್ಲಿ ರ್‍ಯಾಮ್ ಎಂಬ ಸ್ಮರಣೆಯ ಪಟ್ಟಿ ಸಾಮಾನ್ಯವಾಗಿ ಒಂದು ಗಾಡಿಯಲ್ಲಿ ಕೂತಿರುತ್ತದೆ, ಕಿತ್ತು ದೊಡ್ಡದು ಹಾಕಬಹುದು. ತೆಳ್ಳಗಿನವುಗಳಲ್ಲಿ ಬಹುಪಾಲು ಅದನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಇವತ್ತು 8 ಜಿ.ಬಿ. ತಗೊಂಡರೆ ತಮ್ಮನ ಕಾಲಕ್ಕೂ ಅಷ್ಟೇ. ಅದು ಕೆಟ್ಟರೆ ಇಡೀ ಬೋರ್ಡಿಗೇ ಖರ್ಚು. ಬ್ಯಾಟರಿಯನ್ನು ಕೆಲವದರಲ್ಲಿ ಅಂಟು ಹಾಕಿ ಕೂರಿಸಿರುತ್ತಾರೆ. ಲಿಥಿಯಂ ಬ್ಯಾಟರಿ ಮೂರ್ನಾಲ್ಕು ವರ್ಷಕ್ಕೆ ಸೊರಗುವುದು ಸಹಜ, ಒಮ್ಮೊಮ್ಮೆ ಉಬ್ಬುವುದೂ ಉಂಟು. ಅಂಟಿಸಿದ ಬ್ಯಾಟರಿಯನ್ನು ಎಲ್ಲಾ ಅಂಗಡಿಯವರೂ ಮುಟ್ಟುವುದಿಲ್ಲ. ಅಕ್ಕನ ಹಾಸ್ಟೆಲಿನ ಒಬ್ಬ ಹಿರಿಯ ವಿದ್ಯಾರ್ಥಿನಿಯ ತೆಳ್ಳಗಿನ ಲ್ಯಾಪ್‌ಟಾಪ್ ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲ ಅದುಮಿ ಪರದೆ ಸೀಳಿತು. ರಿಪೇರಿಯವರು ಮುಚ್ಚಳ ಸಮೇತ ಬದಲಾಯಿಸಬೇಕು ಎಂದರಂತೆ. ಆಕೆ ಅರ್ಧ ವರ್ಷ ಗೆಳತಿಯರ ಯಂತ್ರದಲ್ಲಿ ಕೆಲಸ ಮಾಡಿದಳು.

ಫ್ಯಾನಿನ ವಿಷಯದಲ್ಲಿ ಮಾತ್ರ ನನಗೆ ಎರಡು ಮನಸ್ಸು. 2020ರ ನವೆಂಬರಿನಲ್ಲಿ ಬಂದ ಏರ್‌ಗೆ ಫ್ಯಾನೇ ಇಲ್ಲ. ಫ್ಯಾನಿಲ್ಲದಿದ್ದರೆ ನಮ್ಮ ಕೊಬ್ಬರಿ ಅಟ್ಟದ ಧೂಳು ಒಳಗೆ ಹೋಗುವುದು ಕಡಿಮೆ. ಆದರೆ ಭಾರಿ ಕೆಲಸ ಬಹಳ ಹೊತ್ತು ಕೊಟ್ಟರೆ ಬಿಸಿ ತಡೆಯಲು ಅದು ತಾನೇ ನಿಧಾನವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಶೀಟಿನ ಮನೆಯೊಳಗೆ ನಾವೇ ನಿಧಾನವಾಗುತ್ತೇವೆ, ಅದರ ಪಾಡು ಏನೋ!

ತೂಕದ ಮಾತಲ್ಲೂ ಒಂದು ಚಮತ್ಕಾರ ಇದೆ. ನಮ್ಮ ವಿಜ್ಞಾನದ ಮೇಷ್ಟ್ರ ಲ್ಯಾಪ್‌ಟಾಪನ್ನು ಅವರ ಅಪ್ಪಣೆ ಪಡೆದು ಕೊಬ್ಬರಿ ತಕ್ಕಡಿಯಲ್ಲಿ ಇಟ್ಟು ನೋಡಿದೆವು. ಯಂತ್ರ 2 ಕೆ.ಜಿ. 100 ಗ್ರಾಂ. ಚಾರ್ಜರ್ ಮತ್ತು ವೈರು ಸೇರಿಸಿದರೆ 2 ಕೆ.ಜಿ. 500 ಗ್ರಾಂ. ಜಾಹೀರಾತಿನಲ್ಲಿ ಹಾಕುವ ತೂಕದಲ್ಲಿ ಚಾರ್ಜರ್ ಇರುವುದಿಲ್ಲ. ಆದರೆ ಚೀಲದಲ್ಲಿ ಇರುತ್ತದಲ್ಲ!

ಹಗುರ ಎಂದರೆ ಮುಚ್ಚಿಟ್ಟದ್ದೇ ಆಗಬೇಕೆಂದೇನೂ ಇಲ್ಲ. 2021ರಲ್ಲಿ ಅಮೆರಿಕದ ಫ್ರೇಮ್‌ವರ್ಕ್ ಎಂಬ ಕಂಪನಿ 1.3 ಕೆ.ಜಿ. ತೂಕದ ಲ್ಯಾಪ್‌ಟಾಪ್ ಮಾಡಿತು. ಅದರ ರ್‍ಯಾಮು, ಬ್ಯಾಟರಿ, ಪರದೆ, ಕೀಲಿಮಣೆ ಎಲ್ಲವನ್ನೂ ಕೊಂಡವರೇ ಬಿಚ್ಚಿ ಬದಲಿಸಬಹುದು. ಬಿಚ್ಚುವ ಸ್ಕ್ರೂಡ್ರೈವರನ್ನೂ ಪೆಟ್ಟಿಗೆಯಲ್ಲೇ ಕೊಟ್ಟರು. ಅಂದಮೇಲೆ ಬೇರೆಯವರು ಮಾಡದಿರುವುದು ಆಗದು ಎಂದಲ್ಲ, ಮನಸ್ಸಿಲ್ಲ ಎಂದು ನಾನು ತಿಳಿಯುತ್ತೇನೆ. ಅಂಥದ್ದು ನಮ್ಮ ಪೇಟೆಯ ಅಂಗಡಿಯಲ್ಲಿ ಸಿಗುವುದಿಲ್ಲ, ಅದು ಬೇರೆ ಮಾತು.

ದಿನಾ ಊರೂರು ತಿರುಗುವ ಕೆಲಸದವರು, ಮೂರು ವರ್ಷಕ್ಕೊಮ್ಮೆ ಹೊಸದು ಕೊಳ್ಳಬಲ್ಲವರು ಹಗುರದ್ದನ್ನೇ ತೆಗೆದುಕೊಳ್ಳಲಿ, ಬೇಡವೆನ್ನಲು ನಾನ್ಯಾರು? ಆದರೆ ಒಂದೇ ಯಂತ್ರದಲ್ಲಿ ಮೂವರು ಓದಬೇಕಾದ ನಮ್ಮಂಥ ಮನೆಗೆ 1.6 ಅಥವಾ 1.7 ಕೆ.ಜಿ.ಯದು ಸಾಕು, ಆದರೆ ಅದು ಬಿಚ್ಚಲು ಬರಬೇಕು ಎಂಬುದು ನನ್ನ ವಾದ. ಅಂಗಡಿಯಲ್ಲಿ ಅಪ್ಪ ಕೇಳಲೆಂದು ಚೀಟಿ ಬರೆದುಕೊಟ್ಟಿದ್ದೇನೆ: ರ್‍ಯಾಮ್ ಬೆಸುಗೆಯದೋ ಗಾಡಿಯದೋ, ಬ್ಯಾಟರಿ ಅಂಟೋ ಸ್ಕ್ರೂವೋ, ಬ್ಯಾಟರಿ ಹೋದರೆ ತಿಪಟೂರಲ್ಲೇ ಸಿಗುತ್ತದೋ ಬೆಂಗಳೂರಿಗೆ ಕಳಿಸಬೇಕೋ. "ಇಷ್ಟೆಲ್ಲಾ ಕೇಳಿದ್ರೆ ಅಂಗಡಿಯವ್ನು ನಮ್ಮನ್ನ ಕೂರುಸ್ತಾನಾ?" ಎಂದು ಅಪ್ಪ ನಕ್ಕರು. ಚೀಟಿಯನ್ನು ಮಾತ್ರ ಜೇಬಿಗೆ ಹಾಕಿಕೊಂಡರು.

ಅಕ್ಕ ಇನ್ನೂ ಒಪ್ಪಿಲ್ಲ. ಬರುವ ಭಾನುವಾರ ಊರಿಗೆ ಬರುತ್ತಾಳೆ. ಅಷ್ಟರೊಳಗೆ, ಯಾರ ಮನೆಯಲ್ಲಾದರೂ ಐದು ವರ್ಷ ದಾಟಿದ ಲ್ಯಾಪ್‌ಟಾಪ್ ಇದ್ದರೆ ಅದರ ಬ್ಯಾಟರಿ ಯಾವಾಗ ಹೋಯಿತು, ಬದಲಿಸಲು ಎಷ್ಟಾಯಿತು ಎಂದು ಈ ಹಾಳೆಯ ಕೆಳಗೆ ಬಿಟ್ಟಿರುವ ಖಾಲಿ ಜಾಗದಲ್ಲಿ ಬರೆಯಬೇಕಾಗಿ ವಿನಂತಿ. ಪೆನ್ಸಿಲಿನಲ್ಲಿ ಬರೆದರೂ ನಡೆಯುತ್ತದೆ.

– ಹತ್ತನೇ ತರಗತಿಯ ವಿದ್ಯಾರ್ಥಿ